ತ್ರಿಪದಿಯ ಕ್ರಿಯಾಪದಕ್ಕೆ ಕಿವಿಗೊಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಗರತಿಯರ ಹಾಡನ್ನು ಹೊಸದಾಗಿ ಕೇಳುವವರು ರಾಗಕ್ಕೆ ಮರುಳಾಗುತ್ತಾರೆ, ಇಲ್ಲವೇ ಅರ್ಥದ ಬೆನ್ನು ಹತ್ತುತ್ತಾರೆ. ಹಾಡಿನ ನಡಿಗೆ ತಿಳಿಯಬೇಕೆಂದರೆ ಕ್ರಿಯಾಪದವನ್ನು ಹಿಡಿಯಿರಿ.

ಮೊದಲು ಈ ಹಾಡುಗಳ ಛಂದಸ್ಸಾದ ತ್ರಿಪದಿಯ ಲೆಕ್ಕ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲಕ್ಕೇ, ಅಂದರೆ ಸುಮಾರು 700ಕ್ಕೇ, ತ್ರಿಪದಿ ಕಲ್ಲಿಗೆ ಬಂದಿತ್ತು. ಅದರ ಮೂರು ಸಾಲಿನಲ್ಲಿ 4, 4, 3ರಂತೆ 11 ಗಣ. 6 ಮತ್ತು 10ನೆಯವು ಎರಡಂಶದ ಬ್ರಹ್ಮಗಣ. ಉಳಿದ 9 ಮೂರಂಶದ ವಿಷ್ಣುಗಣ. ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು. ಮುಂದಿನ ಅಂಶಗಳು ಒಂದೊಂದೇ ಅಕ್ಷರ, ಗುರುವಾಗಲಿ ಲಘುವಾಗಲಿ.

ಈಗ ಬಾಯಿಬಿಟ್ಟು ಹೇಳಿ ನೋಡಿ. ಪುಸ್ತಕದ ‘ಮಾಡುತ್ತಾನೆ’ ಮಾ-ಡುತ್-ತಾ-ನೆ ಎಂದು ನಾಲ್ಕಂಶ, ವಿಷ್ಣುಗಣದಲ್ಲಿ ಹಿಡಿಸದು. ಇಲ್ಲಿಯ ‘ಮಾಡ್ತಾನ’ ಮಾಡ್-ತಾ-ನ, ಸರಿಯಾಗಿ ಮೂರು. ‘ಬಂದಿದ್ದಾನೆ’ ನಾಲ್ಕು, ‘ಬಂದಾನ’ ಮೂರು. ‘ಹೋಗ್ಯಾಳ’, ‘ನಿಂತಾರ’, ‘ಬಂದೀನಿ’ ಎಲ್ಲವೂ ಹಾಗೆಯೇ. ‘ಬರತಾಳ’ದಲ್ಲಿ ‘ಬರ’ ಎರಡು ಲಘು ಕೂಡಿ ಒಂದಂಶ. ‘ಬಂದ’, ‘ಬರಲಿ’ ಬ್ರಹ್ಮಗಣದ ಅಳತೆಯವು. ಗಣವೂ ಪದವೂ ಎಲ್ಲ ಕಡೆ ಒಂದೇ ಜಾಗದಲ್ಲಿ ಮುಗಿಯಬೇಕೆಂದಿಲ್ಲ. ಮುಗಿದ ಕಡೆ ಸಾಲಿಗೆ ಆಡುಮಾತಿನ ಸಲೀಸು ಬರುತ್ತದೆ.

ಇನ್ನು ಒತ್ತು. ಕನ್ನಡದಲ್ಲಿ ಮೊದಲ ಅಕ್ಷರದ ಮೇಲೆ ಹಗುರಾದ ಒತ್ತು. ಅದರ ನೆರೆಯ ಹ್ರಸ್ವ ಸ್ವರ ಆಡುಮಾತಿನಲ್ಲಿ ಸುಲಭವಾಗಿ ಬಿದ್ದುಹೋಗುತ್ತದೆ. ‘ಮಾಡು’ವಿನ ಉಕಾರ ಜಾರಿ ‘ಮಾಡ್’ ಆದದ್ದು ಹೀಗೆ. ನಡುವಿನ ದೀರ್ಘ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ‘ಬಂದಾನ’ದ ‘ದಾ’, ‘ಹೋಗ್ಯಾಳ’ದ ‘ಗ್ಯಾ’ ಹಾಡುವ ದನಿಗೆ ಎಳೆಯಲು ಎಡೆಕೊಡುವ ತಾಣಗಳು. ಅಲ್ಲಿ ಕಿವಿ ನಿಲ್ಲಿಸಿ.

ಅಭ್ಯಾಸಕ್ಕೆ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ತೆಗೆದುಕೊಳ್ಳಿ. ಕಣ್ಣಲ್ಲೇ ಓದಿ ಮುಗಿಸಬೇಡಿ. ಗಟ್ಟಿಯಾಗಿ ಹೇಳುತ್ತ, ಬೆರಳ ಮೇಲೆ ಅಂಶ ಎಣಿಸಿ. ಪಂಚಮಿಯ ಜೋಕಾಲಿ, ತೊಟ್ಟಿಲ ಕಾರ್ಯ, ಮದುವೆಮನೆಯಲ್ಲಿ ಹಾಡುವ ಹಿರಿಯರು ಸಿಕ್ಕರೆ ಅವರ ಬಾಯಿಂದಲೇ ಕೇಳಿ. ಕೇಳಿದ್ದನ್ನು ಬರೆದುಕೊಳ್ಳುವಾಗ ‘ಬಂದಾನ’ವನ್ನು ‘ಬಂದಿದ್ದಾನೆ’ ಎಂದು ತಿದ್ದಬೇಡಿ. ತಿದ್ದಿದರೆ ಒಂದಂಶ ಹೆಚ್ಚಿ ಗಣ ಒಡೆಯುತ್ತದೆ. ಗರತಿಯರು ಆಡುವ ಮಾತಿನಲ್ಲೇ ಛಂದಸ್ಸಿದೆ. ಅದನ್ನು ಇದ್ದಂತೆ ಉಳಿಸಿಕೊಳ್ಳುವುದೇ ರಸಿಕನ ಮೊದಲ ಕೆಲಸ.