ಹೊರಗ ಅಂದ್ರ ಎಲ್ಲಿ?

ಮನೆಯನ್ನು ಅಚ್ಚುಕಟ್ಟು ಮಾಡೋದು ಹೇಗೆ ಅಂತ ಜಪಾನಿನ ಮೇರಿ ಕೊಂಡೊ ಬರೆದ ಪುಸ್ತಕವನ್ನು ನೀವೂ ನೋಡಿರಬಹುದು. ಇಂಗ್ಲಿಷಿಗೆ ಬಂದದ್ದು 2014ರಲ್ಲಿ. 2019ರ ಹೊಸ ವರ್ಷದ ದಿನ ನೆಟ್‌ಫ್ಲಿಕ್ಸ್‌ನಲ್ಲಿ ಆಕೆಯ ಶೋ ಶುರುವಾದ ಮೇಲಂತೂ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಅದೇ ಮಾತು. ಸರಳವಾಗಿ ಬದುಕಬೇಕು ಅಂತ ನಾನೂ ತರಿಸಿಕೊಂಡೆ. ಆನ್‌ಲೈನಲ್ಲೇ. ಡಬ್ಬಿಯೊಳಗೊಂದು ಡಬ್ಬಿ, ಅದರೊಳಗೆ ಪುಸ್ತಕ.

ಆಕೆಯ ದಾರಿ ಸುಲಭ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತು. ಒಂದೊಂದನ್ನೂ ಕೈಯಲ್ಲಿ ಹಿಡಿಯಬೇಕು. ಮನಸ್ಸಿಗೆ ಖುಷಿ ಆದರೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಥ್ಯಾಂಕ್ಸ್ ಹೇಳಿ ಕಳಿಸಿಬಿಡಬೇಕು. ಥ್ಯಾಂಕ್ಸ್ ಹೇಳೋದು ನನಗೆ ಹಿಡಿಸಿತು. ಆಯುಧಪೂಜೆಗೆ ಕುಡಗೋಲಿಗೂ ಕುಂಕುಮ ಹಚ್ಚುವ ಮನೆಯಿಂದ ಬಂದವನು ನಾನು. ಆದರೆ ಪೂಜೆ ಮಾಡಿದ ಕುಡಗೋಲನ್ನು ನಾವು ಮರುದಿನ ಹೊಲಕ್ಕೆ ಒಯ್ಯುತ್ತಿದ್ದೆವು, ಎಸೆಯುತ್ತಿರಲಿಲ್ಲ.

ಎರಡು ಶನಿವಾರದಲ್ಲಿ ಹನ್ನೊಂದು ಚೀಲ ತುಂಬಿದವು. ಅದರಲ್ಲೊಂದು ಅವ್ವ ಹೊಲಿದ ಕೌದಿ. ಅಜ್ಜಿಯ ಹಳೆ ಸೀರೆ, ಅಪ್ಪನ ಧೋತರ, ನನ್ನ ಸಾಲಿ ಅಂಗಿ ಎಲ್ಲ ಪದರು ಪದರಾಗಿ ಸೇರಿಸಿ ಒಂದು ಬೇಸಿಗೆಯಿಡೀ ಹೊಲಿದದ್ದು. ಕೈಯಲ್ಲಿ ಹಿಡಿದೆ. ಭಾರ ಅನ್ನಿಸಿತು, ಖುಷಿ ಅನ್ನಿಸಲಿಲ್ಲ. ವಾಷಿಂಗ್ ಮೆಷಿನ್ನಿಗೂ ಹಿಡಿಸಲ್ಲ. ನೆನಪಿನ ವಸ್ತು ಕೊನೆಗೆ ಅಂತ ಪುಸ್ತಕ ಎಚ್ಚರಿಸಿತ್ತು ನಿಜ, ನಾನು ಅದನ್ನು ಬರೀ ಬಟ್ಟೆ ಅಂದುಕೊಂಡಿದ್ದೆ. ಕಸದ ಆಟೋದವನಿಗೆ ಇನ್ನೂರು ರೂಪಾಯಿ ಕೊಟ್ಟೆ, ಹನ್ನೊಂದೂ ಹೋದವು.

ದೀಪಾವಳಿಗೆ ಅವ್ವ ಬಂದಳು. ರಾತ್ರಿ ಮಲಗೋ ಹೊತ್ತಿಗೆ ಕೇಳಿದಳು, "ಕೌದಿ ಎಲ್ಲೈತೋ?"

"ಹಳೇದಾಗಿತ್ತಲ್ಲವಾ, ಹೊರಗ ಹಾಕಿದೆ."

"ಹೊರಗ ಅಂದ್ರ ಎಲ್ಲಿ?"

ಬೈಯಲಿಲ್ಲ. ಜಾಗ ಗೊತ್ತಾಗಲಿ ಅಂತ ಕೇಳಿದಳು ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮತ್ತೆ ಪುಸ್ತಕ ತೆಗೆದು ಅದರಲ್ಲಿ ಉತ್ತರ ಹುಡುಕಿದೆ. ಒಬ್ಬೊಬ್ಬರ ಮನೆಯಿಂದ 45 ಲೀಟರಿನ 20–30 ಚೀಲ ಸಲೀಸಾಗಿ ಹೊರಬೀಳುತ್ತವೆ ಅಂತ ಆಕೆ ಹೆಮ್ಮೆಯಿಂದಲೇ ಬರೆಯುತ್ತಾರೆ. ಚೀಲಗಳ ಲೆಕ್ಕ ಇದೆ, ಅವು ಹೋಗಿ ಸೇರುವ ಊರಿನ ಮಾತಿಲ್ಲ. ಎಸೆಯೋದನ್ನು ಮನೆಯವರಿಗೆ ತೋರಿಸಬೇಡಿ ಅಂತ ಬೇರೆ ಒಂದು ಸಲಹೆ! ತಂದೆ ತಾಯಿ ನೊಂದುಕೊಂಡು ವಾಪಸ್ ಎತ್ತಿಟ್ಟುಕೊಳ್ಳುತ್ತಾರಂತೆ. ಈ ಪುಸ್ತಕದ ಬಗ್ಗೆ ನನ್ನ ತಕರಾರು ಇಲ್ಲೇ ಇರೋದು. ಇದು ಕೇಳೋದು ಒಂದೇ ಪ್ರಶ್ನೆ, ನನಗೆ ಖುಷಿಯಾಯಿತಾ ಅಂತ. ವಸ್ತು ಎಲ್ಲಿಂದ ಬಂತು, ಯಾರು ಮಾಡಿದರು, ಇನ್ನೆಷ್ಟು ದಿನ ಬಾಳುತ್ತಿತ್ತು ಅನ್ನೋದೆಲ್ಲ ಆ ಪ್ರಶ್ನೆಯೊಳಗೆ ಬರೋದೇ ಇಲ್ಲ. ಅಂಗಡಿಗೆ ಹೋದಾಗಲೂ ನಾವು ಕೇಳಿಕೊಳ್ಳೋದು ಅದನ್ನೇ ಅಲ್ವಾ?

ನಾನು ದಿನಾ ಜಾವಾ ಬರೆಯುವವನು. ಅಲ್ಲಿ ಬೇಡದ ಆಬ್ಜೆಕ್ಟ್‌ಗಳನ್ನು ಗಾರ್ಬೇಜ್ ಕಲೆಕ್ಟರ್ ತಾನೇ ಗುಡಿಸುತ್ತೆ, ಮೆಮೊರಿ ಖಾಲಿಯಾಗಿ ವಾಪಸ್ ಸಿಗುತ್ತೆ, ಎಲ್ಲೂ ಗುಡ್ಡೆ ಬೀಳಲ್ಲ. ಬೆಂಗಳೂರಿನಲ್ಲಿ ಹಾಗಲ್ಲ. ನಮ್ಮ 'ಹೊರಗೆ'ಗೆ ಹೆಸರುಗಳಿದ್ದವು. ಯಲಹಂಕದ ಆಚೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು. ನಗರದ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಗಿ ಬಿತ್ತು. ಊರಿನವರು ಲಾರಿ ತಡೆದು ರಸ್ತೆಯಲ್ಲಿ ಕೂತ ಮೇಲೆ, 2014ರ ಡಿಸೆಂಬರಿನಿಂದ ಅಲ್ಲಿ ಸುರಿಯೋದು ನಿಂತಿತು. ಆಗಲೂ ನಾನು ಇದೇ ಊರಲ್ಲಿದ್ದೆ. ಸುದ್ದಿ ಓದಿ ಪುಟ ತಿರುವಿದ್ದೆ.

ಹಳ್ಳಿಯಲ್ಲಿ ಸೀರೆ ಹರಿದರೆ ಕೌದಿ, ಕೌದಿ ಹರಿದರೆ ಕೊಡದ ಕೆಳಗಿನ ಸಿಂಬಿ ಇಲ್ಲವೇ ಒಲೆ ಮೇಲಿನ ಪಾತ್ರೆ ಹಿಡಿಯೋ ಅರಿವೆ, ಕೊನೆಗೆ ತಿಪ್ಪೆ. ತಿಪ್ಪೆ ಹಿತ್ತಲಲ್ಲೇ, ಕಣ್ಣಿಗೆ ಕಾಣುವಂತೆ. ಹಳ್ಳಿಯನ್ನು ಹೊಗಳೋಕೆ ಹೇಳ್ತಿಲ್ಲ. ನಾವು ಸರಳವಾಗಿದ್ದದ್ದು ರೊಕ್ಕ ಇಲ್ಲದ್ದಕ್ಕೆ. ಈಗ ನಮ್ಮೂರ ಜಾಲಿಗಿಡಕ್ಕೂ ಶಾಂಪೂ ಪೊಟ್ಟಣ ನೇತಾಡ್ತಾವೆ.

ಇನ್ನು ನಾನು. ಖಾಲಿಯಾದ ಕಪಾಟು ನೋಡಿ ಎಂಥಾ ಹುರುಪು ಬಂತೆಂದರೆ, ಅದೇ ತಿಂಗಳು ಒಂದೇ ಬಣ್ಣದ ಐದು ಅಂಗಿ, ಒಂದು 'ಮಿನಿಮಲ್' ಟೇಬಲ್ ಲ್ಯಾಂಪು ಕೊಂಡೆ. ಆಕೆಯದ್ದೂ ಅದೇ ಕತೆ. ಸಾಮಾನಿಡಲು ಹೊಸ ಡಬ್ಬಿ ಬೇಡ, ಶೂ ಡಬ್ಬಿ ಸಾಕು ಅಂತ ಪುಸ್ತಕದಲ್ಲಿ ಬರೆದವರು, 2019ರ ನವೆಂಬರಿನಲ್ಲಿ ತಮ್ಮದೇ ಆನ್‌ಲೈನ್ ಅಂಗಡಿ ತೆರೆದರು. ಅದರಲ್ಲಿ ಹೈಸ್ಕೂಲ್ ಲ್ಯಾಬಿನಲ್ಲಿದ್ದಂಥ ಶ್ರುತಿಕವೆ, ಜೊತೆಗೊಂದು ಗುಲಾಬಿ ಹರಳು, 75 ಡಾಲರ್‌ಗೆ! ಹೆಸರನ್ನು ಕನ್ನಡದಲ್ಲಿ ಓದಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಬೇಕಾದರೆ ತಗೊಂಡು ಹೋಗಿ ಓದಿ, ಕೊಳ್ಳಬೇಡಿ. ಬಟ್ಟೆ ಮಡಚೋ ಭಾಗ ನಿಜಕ್ಕೂ ಚೆನ್ನಾಗಿದೆ. ಅಂಗಿಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡೋದು. ಅವ್ವ ಡ್ರಾ ಎಳೆದು ನೋಡಿ, "ಇದೊಂದು ಚಲೋ ಐತಿ ನೋಡು" ಅಂದಳು. ಆಮೇಲೆ ಆ ಐದು ಅಂಗಿಗಳನ್ನೂ ಬೆರಳಲ್ಲಿ ಉಜ್ಜಿ ನೋಡಿದಳು, ಹರಿದ ಮೇಲೆ ಕೌದಿಗೆ ಬರ್ತಾವೋ ಇಲ್ಲೋ ಅಂತ.