ಸುಣ್ಣಕಟ್ಟು, ಶಿಲೀಂಧ್ರ, ಸೂತ್ರಕಣ: ಒಂದು ಪರಿಭಾಷಾವಿಮರ್ಶೆ

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬರೆಯುವವರ ಪರಿಭಾಷೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಸಂಸ್ಕೃತವೋ ದೇಶ್ಯವೋ ಇಂಗ್ಲಿಷೋ ಎಂಬ ಮೂರು ಪಕ್ಷಗಳೊಳಗೇ ಸುತ್ತುತ್ತಿರುವುವು. ಶಬ್ದವು ಎಲ್ಲಿಂದ ಬಂದಿತೆಂಬುದಕ್ಕಿಂತಲೂ ಅದು ವಸ್ತುವನ್ನು ಗುರುತಿಸಿಕೊಡುವುದೋ ಮರೆಸುವುದೋ ಎಂಬುದೇ ಮುಖ್ಯವೆಂದು ನಮ್ಮ ಮತ. ಕೀಟಗಳನ್ನು ಕೊಲ್ಲುವ ಬೂಷ್ಟುಗಳನ್ನೂ, ಅವುಗಳ ಮೈಟೊಕಾಂಡ್ರಿಯದ ಜೀನ್‌ಸಮುದಾಯವು ವಿಕಾಸಗೊಂಡ ಬಗೆಯನ್ನೂ ಕುರಿತು ಬರೆಯುವ ಭಾಷೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಇಲ್ಲಿನ ಉದ್ದೇಶ. ವ್ಯಾಕರಣಾಲಂಕಾರಗಳಲ್ಲಿ ಬೆಳೆದವನಿಗೆ ಈ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಪ್ರತಿ, ನಕಲು, ಅನುವಾದ, ಸಂಪಾದನೆ ಎಂಬ ನಮ್ಮ ಕಸುಬಿನ ಮಾತುಗಳನ್ನೇ ಆ ಶಾಸ್ತ್ರದವರು ಎರವಲು ಪಡೆದಿರುವುದರಿಂದ, ಎರವು ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕುಂಟು.

ಮೊದಲು ರೋಗದ ಹೆಸರು. ಸಾರಕ್ಕಿಯಿಂದ ದಕ್ಷಿಣಕ್ಕೆ ಹೋಗುವ ಕನಕಪುರದ ರಸ್ತೆಯು ರೇಷ್ಮೆಯ ಸೀಮೆಗೆ ಹೋಗುವ ರಸ್ತೆ. ರಾಜ್ಯದ ರೇಷ್ಮೆ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯು ಇದೇ ರಸ್ತೆಯ ತಲಘಟ್ಟಪುರದಲ್ಲಿರುವುದು. ಹುಳು ಸಾಕುವ ನಮ್ಮ ರೈತರ ಬಾಯಲ್ಲಿ ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಮೊದಲಾದ ರೋಗನಾಮಗಳುಂಟು. ಇವುಗಳಲ್ಲಿ ಸುಣ್ಣಕಟ್ಟೆಂಬುದು ಬೂಷ್ಟಿನ ರೋಗ. ಬೀಜಕಣವು ಹುಳುವಿನ ಮೈಗೆ ಅಂಟಿ, ಮೊಳೆತು, ಚರ್ಮವನ್ನು ಕೊರೆದು ಒಳಹೊಕ್ಕು, ರಕ್ತದಲ್ಲಿ ಬೆಳೆಯುವುದು. ಸತ್ತ ಹುಳು ಕೊಳೆಯದೆ ಕಡ್ಡಿಯಂತೆ ಬಿರುಸಾಗುವುದು. ಹವೆಯಲ್ಲಿ ತೇವವಿದ್ದರೆ ಮೈಮೇಲೆಲ್ಲ ಬಿಳಿಯ ಪುಡಿ ಹೊಮ್ಮುವುದು. ಸುಣ್ಣವೆಂಬುದರಿಂದ ಬಣ್ಣವೂ, ಕಟ್ಟು ಎಂಬುದರಿಂದ ಬಿರುಸೂ ಒಂದೇ ಸಮಾಸದಲ್ಲಿ ಬಂದುವು. ಇಟಲಿಯ ಅಗಸ್ತೀನೊ ಬಾಸ್ಸಿಯು ೧೮೩೫ರಲ್ಲಿ ಈ ರೋಗಕ್ಕೆ ಬೂಷ್ಟೇ ಕಾರಣವೆಂದು ಸ್ಥಾಪಿಸಿದ ಗ್ರಂಥದ ಹೆಸರಿನಲ್ಲಿಯೂ, ಆ ದೇಶದ ಜನರು ರೋಗಕ್ಕೆ ಇಟ್ಟಿದ್ದ, ಗೋಡೆಯ ಸುಣ್ಣಗಾರೆಯನ್ನು ಸೂಚಿಸುವ ಕಾಲ್ಚಿನಾಚ್ಚೊ ಎಂಬ ಪದವು ಬಂದಿರುವುದು. ಪಾಶ್ಚರ್ ಮಹಾಶಯನು ರೇಷ್ಮೆಹುಳುವಿನ ರೋಗಗಳಿಗೆ ಕೈಯಿಟ್ಟುದು ೧೮೬೫ರಲ್ಲಿ, ಎಂದರೆ ಮೂವತ್ತು ವರ್ಷಗಳ ತರುವಾಯ. ಲೊಂಬಾರ್ಡಿಯ ಒಕ್ಕಲಿಗನೂ ಕನಕಪುರದ ಒಕ್ಕಲಿಗನೂ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಉಪಮಾನಕ್ಕೆ ಬಂದರೆಂಬುದು ಅಲಂಕಾರಶಾಸ್ತ್ರದವರು ಗಮನಿಸತಕ್ಕ ಸಂಗತಿ.

ಈ ಬೂಷ್ಟಿಗೆ ಬಾಸ್ಸಿಯ ಹೆಸರನ್ನು ಆಗಲೇ ಸೇರಿಸಿದರು. ೧೯೧೨ರಲ್ಲಿ ವ್ಯುಯಿಮೆಂ ಎಂಬಾತನು ಬ್ಯೂವೇರಿಯ ಎಂಬ ಕುಲನಾಮವನ್ನು ಕೊಟ್ಟನು. ಈಗ ಬ್ಯೂವೇರಿಯ ಬ್ಯಾಸಿಯಾನ ಎಂಬುದು ಚೀಲದ ಮೇಲೆ ಅಚ್ಚಾಗಿ ಅಂಗಡಿಗೆ ಬರುತ್ತಿರುವುದು. ಕಾಫಿಯ ಹಣ್ಣನ್ನು ಕೊರೆಯುವ ಕೀಟ ಮೊದಲಾದವುಗಳ ಮೇಲೆ ಅದನ್ನು ಪ್ರಯೋಗಿಸುವರು. ಚೀಲದ ಕನ್ನಡದಲ್ಲಿ ಅದಕ್ಕೆ ‘ಜೈವಿಕ ಕೀಟನಾಶಕ’ವೆಂದು ಹೆಸರು, ಪಠ್ಯಪುಸ್ತಕದಲ್ಲಿ ‘ಕೀಟರೋಗಕಾರಕ ಶಿಲೀಂಧ್ರ’ವೆಂದು ಹೆಸರು. ಇವೆರಡೂ ವ್ಯಾಕರಣಕ್ಕೆ ನಿರ್ದುಷ್ಟವಾದ ಸಮಾಸಗಳೇ. ಆದರೆ ಇವನ್ನೋದಿದ ರೈತನಿಗೆ ಇದು ತನ್ನ ಅಜ್ಜನ ಕಾಲದಿಂದ ಬಲ್ಲ ಸುಣ್ಣಕಟ್ಟೇ ಎಂಬ ಅರಿವು ಹೇಗೆ ಬರಬೇಕು? ಒಂದೇ ಜಾತಿಯೊಳಗೆ ಹುಳುವಿಗೆ ಹೆಚ್ಚು ಕೇಡು ಮಾಡುವ ತಳಿಗಳೂ ಕಡಿಮೆ ಮಾಡುವ ತಳಿಗಳೂ ಇರುವುವೆಂಬುದು ನಿಜ; ಅಷ್ಟುಮಾತ್ರಕ್ಕೆ ಹಿಪ್ಪುನೇರಳೆಯ ತೋಟದ ಪಕ್ಕದಲ್ಲಿ ಇದನ್ನು ಸಿಂಪಡಿಸುವವನು ನಿಶ್ಚಿಂತನಾಗಿರಲಾಗದು. ಚೀಲದ ಮೇಲೆ ‘ಸುಣ್ಣಕಟ್ಟಿನ ಬೂಷ್ಟು’ ಎಂದು ಎರಡೇ ಪದ ಅಚ್ಚಾಗಿದ್ದರೆ ಪುಟದಷ್ಟು ಎಚ್ಚರಿಕೆಯ ಕೆಲಸವಾಗುತ್ತಿದ್ದಿತು. ಶಿಲೀಂಧ್ರಶಬ್ದವನ್ನು ನಾವು ಹಳಿಯುವುದಿಲ್ಲ. ಮೇಘದೂತದಲ್ಲಿಯೇ ಕಾಣುವ ಮಾತದು. ಆದರೆ ಮಳೆಗಾಲದಲ್ಲಿ ನೆಲದಿಂದೇಳುವ ಅಣಬೆಯನ್ನು ನೆನಪಿಗೆ ತರುವ ಪದವು ಹುಳುವಿನ ಮೈಮೇಲಿನ ಧೂಳನ್ನು ನೆನಪಿಗೆ ತರಲಾರದು.

ಇನ್ನು ಮೈಟೊಕಾಂಡ್ರಿಯ. ೧೮೯೮ರಲ್ಲಿ ಬೆಂಡಾ ಎಂಬಾತನು ದಾರವೆಂದೂ ಕಣವೆಂದೂ ಅರ್ಥವಾಗುವ ಎರಡು ಗ್ರೀಕ್ ಪದಗಳಿಂದ ಕಟ್ಟಿದ ಈ ಹೆಸರಿಗೆ ‘ಸೂತ್ರಕಣ’ವೆಂಬುದು ಸರಿಯಾದ ಪಡಿಮಾತು. ಜೀವಕೋಶದ ‘ಶಕ್ತ್ಯಾಗಾರ’ವೆಂಬ ರೂಪಕವನ್ನು ಶಾಲೆಯವರು ಬಿಡುವಂತೆ ತೋರದು, ಅದರಲ್ಲಿ ದೋಷವಿಲ್ಲ, ರುಚಿಯೂ ಇಲ್ಲ. ಈ ಕಣಕ್ಕೆ ಕೋಶಕೇಂದ್ರದಿಂದ ಬೇರೆಯಾದ ತನ್ನದೇ ಒಂದು ಬರವಣಿಗೆಯುಂಟೆಂಬುದು ನಮಗೆ ಪ್ರಕೃತ. ಮನುಷ್ಯನಲ್ಲಿ ಅದರ ಉದ್ದ ೧೬,೫೬೯ ಅಕ್ಷರಗಳು. ಮೆಟರೈಸಿಯಂ ಎಂಬ ಹಸುರು ಬೂಷ್ಟಿನಲ್ಲಿ ಸುಮಾರು ೨೪,೭೦೦. ಬ್ಯೂವೇರಿಯದಲ್ಲಿ ಸುಮಾರು ೩೦,೦೦೦ದಿಂದ ಮೇಲೆ. ಹಿಮಾಲಯದಲ್ಲಿ ಕೀಡಾಜಡಿಯೆಂದು ಹೆಸರಾದ, ಮಣ್ಣಿನೊಳಗಣ ಕಂಬಳಿಹುಳುವನ್ನು ಕೊಂದು ಅದರ ತಲೆಯಿಂದ ಮೊಳೆಯುವ ಬೂಷ್ಟಿನಲ್ಲಿ ಸುಮಾರು ೧,೫೭,೦೦೦. ಈ ಮೂರೂ ಒಂದೇ ಗಣಕ್ಕೆ ಸೇರಿದುವು. ಉಸಿರಾಟದ ಯಂತ್ರಕ್ಕೆ ಬೇಕಾದ ಹದಿನಾಲ್ಕು ಪ್ರೋಟೀನುಗಳ ಜೀನುಗಳು ಮೂರರಲ್ಲಿಯೂ ಒಂದೇ. ಹಾಗಾದರೆ ಆರುಮಡಿ ಉದ್ದವೆಲ್ಲಿಂದ ಬಂದಿತು? ಬಹುಭಾಗವು ಜೀನುಗಳ ಒಳಗೇ ಸೇರಿಕೊಂಡಿರುವ ಇಂಟ್ರಾನುಗಳಿಂದ.

ಇದನ್ನು ಕನ್ನಡದಲ್ಲಿ ‘ಪ್ರಕ್ಷೇಪ’ವೆನ್ನುವ ಆಸೆ ನಮ್ಮಂಥವರಿಗೆ ಸಹಜವಾಗಿ ಹುಟ್ಟುವುದು. ೧೯೧೯ರಲ್ಲಿ ಮೊದಲಾಗಿ ೧೯೬೬ರಲ್ಲಿ ಮುಗಿದ ಪುಣೆಯ ಮಹಾಭಾರತ ಪರಿಷ್ಕರಣದಲ್ಲಿ ದಾಕ್ಷಿಣಾತ್ಯಪಾಠವು ಔತ್ತರೇಯಪಾಠಕ್ಕಿಂತ ದೀರ್ಘವೆಂದೂ, ದೀರ್ಘವಾದುದರಿಂದಲೇ ಪ್ರಾಚೀನವಾಗದೆಂದೂ ಸುಖ್ಥಂಕರರು ತೋರಿಸಿದುದನ್ನು ಬಲ್ಲವರಿಗೆ ಮೇಲಣ ಅಂಕಿಗಳು ಅಪರಿಚಿತವಾಗಿ ತೋರುವುದಿಲ್ಲ. ಸಾದೃಶ್ಯವು ಇನ್ನೂ ಮುಂದಕ್ಕೆ ಹೋಗುವುದು. ಒಂದೇ ಜಾತಿಯ ಎರಡು ಬ್ಯೂವೇರಿಯಗಳನ್ನು ಹೋಲಿಸಿದರೆ ಜೀನುಗಳು ಹೆಚ್ಚುಕಡಿಮೆ ಒಂದೇ ಆಗಿದ್ದು, ಇಂಟ್ರಾನು ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದಿರುವುದುಂಟು. ತಳಿಯನ್ನು ಗುರುತಿಸಲು ವಿದ್ವಾಂಸರು ಜೀನಿಗಿಂತ ಎರಡು ಜೀನುಗಳ ನಡುವಣ ತೆರಪನ್ನೇ ನೆಚ್ಚಿರುವುದೂ, ನಾವು ಓಲೆಯ ಶಾಖೆಯನ್ನು ಕವಿಯ ಪದ್ಯಕ್ಕಿಂತ ಲಿಪಿಕಾರನ ಕೈತಪ್ಪುಗಳಿಂದ ಗುರುತಿಸುವುದೂ ಒಂದೇ ನ್ಯಾಯ. ರೇಷ್ಮೆಯ ಮನೆಗೆ ಹೊಕ್ಕ ಬೂಷ್ಟು ಚೀಲದಿಂದ ಬಂದುದೋ ಊರಿನದೋ ಎಂಬ ವ್ಯಾಜ್ಯವು ತೀರಬೇಕಾದರೂ ಇಂಥ ತೆರಪುಗಳೇ ಸಾಕ್ಷಿ ಹೇಳಬೇಕು.

ಆದರೂ ಪ್ರಕ್ಷೇಪವೆಂಬ ಮಾತು ಇಲ್ಲಿ ಸಲ್ಲದು. ಅದಕ್ಕೆ ಎರಡು ಕಾರಣಗಳುಂಟು. ಪ್ರಕ್ಷೇಪಕ್ಕೆ ಪ್ರಕ್ಷೇಪಕನೊಬ್ಬನು ಬೇಕು. ಲಿಪಿಕಾರನೋ ಮತಾಭಿಮಾನಿಯೋ ಯಾರೋ ಒಬ್ಬನು ಹೊರಗಿನಿಂದ ತಂದು ಸೇರಿಸಬೇಕು. ಇಂಟ್ರಾನುಗಳಲ್ಲಿ ಎಷ್ಟೋ ತಮ್ಮೊಳಗೇ ಒಂದು ಕಿಣ್ವದ ಜೀನನ್ನು ಹೊತ್ತಿರುವುವು. ಆ ಕಿಣ್ವವು ಇಂಟ್ರಾನಿಲ್ಲದ ಪ್ರತಿಯನ್ನು ನಿಯತವಾದ ಸ್ಥಳದಲ್ಲಿ ಕತ್ತರಿಸುವುದು. ಕೋಶವು ಆ ಗಾಯವನ್ನು ಇಂಟ್ರಾನುಳ್ಳ ಪ್ರತಿಯನ್ನು ನೋಡಿಕೊಂಡು ಸರಿಪಡಿಸುವಾಗ ಇಂಟ್ರಾನು ಅಲ್ಲಿಯೂ ಬಂದು ಕುಳಿತುಕೊಳ್ಳುವುದು. ಪಕ್ಕದ ಓಲೆಯನ್ನು ತಾನೇ ಸೀಳಿ ತನ್ನನ್ನು ತಾನೇ ಬರೆಯಿಸಿಕೊಳ್ಳುವ ಪದ್ಯವು ನಮ್ಮ ವಾಙ್ಮಯದಲ್ಲಿಲ್ಲ.

ಎರಡನೆಯದು ಇದಕ್ಕಿಂತ ಬಲವಾದುದು. ಪ್ರಕ್ಷಿಪ್ತವೆಂದರೆ ಸಂಪಾದಕನು ತೆಗೆದು ಅಡಿಟಿಪ್ಪಣಿಗೆ ಹಾಕತಕ್ಕುದೆಂದು ಅರ್ಥವಾಗುವುದು. ತೆಗೆದರೆ ಮೂಲಕ್ಕೆ ಹಾನಿಯಿರಬಾರದು. ಈ ಗಣದ ಬೂಷ್ಟುಗಳಲ್ಲಿಯಾದರೋ, ಸೂತ್ರಕಣವು ಪ್ರೋಟೀನು ಕಟ್ಟಲು ಬೇಕಾದ ರೈಬೊಸೋಮಿನ ಒಂದು ಅಂಗದ ಜೀನು ಒಂದು ಇಂಟ್ರಾನಿನ ಒಳಗೇ ಕುಳಿತಿರುವುದು. ಅದನ್ನು ಪ್ರಕ್ಷೇಪವೆಂದು ಕಿತ್ತರೆ ಗ್ರಂಥವೇ ಓದಲು ಬಾರದಂತಾಗುವುದು. ಆದುದರಿಂದ ‘ಒಳಸೇರಿಕೆ’ ಎಂಬ ಸಾದಾ ಮಾತು ಮೇಲು. ಸಂಸ್ಕೃತವೇ ಬೇಕೆಂಬವರಿಗೆ ‘ಅಂತರ್ನಿವೇಶ’ವಿರಲಿ. ಈ ಎರಡರಲ್ಲಿಯೂ, ಬಂದು ಸೇರಿದುದೆಂಬ ಅರ್ಥವುಂಟು, ಬೇಡದುದೆಂಬ ಅರ್ಥವಿಲ್ಲ.