ಸೋತ ಅಪ್ಪ, ಮಗ ಮತ್ತು ಕನ್ನಡ ಕಾದಂಬರಿ

ಸೋತ ಅಪ್ಪನ ಹಾದಿಯನ್ನೇ ಮಗನೂ ಹಿಡಿದಾನೆಂಬ ಭಯ ಕನ್ನಡ ಕಥನದಲ್ಲಿ ಮಗನ ಬಾಯಿಂದ ಹೊರಡುವುದು ಅಪರೂಪ. ಅದನ್ನು ಹೊರುವವಳು ಹೆಚ್ಚಾಗಿ ತಾಯಿ, ಕೆಲವೆಡೆ ಹೆಂಡತಿ. ದಾಸ್ತಯೆವ್‌ಸ್ಕಿಯ ಕರಮಜೋವ್ ಸೋದರರು ಅಪ್ಪನ ರಕ್ತ ತಮ್ಮೊಳಗೂ ಹರಿಯುತ್ತಿದೆಯೆಂದು ತಾವೇ ತಳಮಳಿಸುತ್ತಾರೆ. ಅಂಥ ಆತ್ಮಶೋಧನೆಯನ್ನು ನಮ್ಮ ಕಾದಂಬರಿಕಾರರು ಮಗನಿಗೆ ಬಹುಕಾಲ ಕೊಡಲಿಲ್ಲ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಮೂರು ತಲೆಮಾರುಗಳ ಕಥೆ. ನಡುವಿನವನು ಲಚ್ಚ. ಇಂಗ್ಲಿಷ್ ಓದಲು ಪೇಟೆಗೆ ಹೋಗಿ ದುಶ್ಚಟಗಳಿಗೆ ಬಿದ್ದು ಮನೆತನವನ್ನು ಕರಗಿಸಿದವನು. ಅವನ ಮಗನಿಗೆ ಅಜ್ಜ ರಾಮ ಐತಾಳರದೇ ಹೆಸರು. ಮದರಾಸು, ಮುಂಬಯಿ ಸುತ್ತಿ ರಾಮ ಕಡಲಂಚಿನ ಊರಿಗೆ ಮರಳುತ್ತಾನೆ. ಅಂದರೆ ಅಪ್ಪನೊಂದಿಗೆ ಸೆಣಸುವ ಗೋಜಿಗೆ ಹೋಗದೆ ಅವನನ್ನು ದಾಟಿ ಅಜ್ಜನ ಮಣ್ಣನ್ನು ಸೇರುತ್ತಾನೆ. ಇದು ಕಾರಂತರು ಕಂಡುಕೊಂಡ ಸುಲಭದ ದಾರಿಯೂ ಹೌದು. ಲಚ್ಚನ ನೆರಳನ್ನು ನಿಜಕ್ಕೂ ಎದುರಿಸಿದವಳು ಅವನ ಹೆಂಡತಿ ನಾಗವೇಣಿ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಈ ಅಡ್ಡದಾರಿಯನ್ನೂ ಮುಚ್ಚುತ್ತದೆ. ತುಮಕೂರು ಸೀಮೆಯ ಶಾನುಭೋಗ ಚೆನ್ನಿಗರಾಯನಿಗೆ ಉಣ್ಣುವುದು, ಬೈಯುವುದು ಬಿಟ್ಟರೆ ಬೇರೆ ಕಸುಬಿಲ್ಲ. ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಇಲ್ಲಿ ನೆಚ್ಚಿಕೊಳ್ಳಲು ಅಜ್ಜನಿಲ್ಲ. ಅಜ್ಜಿ ಗಂಗಮ್ಮನೇ ಆ ಕೇಡಿನ ಬೇರು. ಮಕ್ಕಳು ಈ ಮನೆಯ ಅಚ್ಚಿನಲ್ಲಿ ಬೀಳಬಾರದೆಂಬುದೇ ನಂಜಮ್ಮನ ದುಡಿಮೆಯ ಹಿಂದಿನ ಹಟ. ಪ್ಲೇಗು ಮಕ್ಕಳಾದ ಪಾರ್ವತಿಯನ್ನೂ ರಾಮಣ್ಣನನ್ನೂ ಒಯ್ಯುತ್ತದೆ, ಕೊನೆಗೆ ಅವಳನ್ನೂ. ಉಳಿದ ಮಗ ವಿಶ್ವ ಊರಿನ ಜಂಗಮ ಮಹಾದೇವಯ್ಯನವರೊಡನೆ ಊರು ಬಿಡುತ್ತಾನೆ. ನಾನೂ ಅಪ್ಪನಂತಾದೇನೇ ಎಂದು ಕೇಳಿಕೊಳ್ಳುವ ವಯಸ್ಸು ಅವನಿಗೆ ಬರುವ ಮೊದಲೇ ಕಾದಂಬರಿ ಮುಗಿಯುತ್ತದೆ. ಕರುಣೆಯ ದೃಷ್ಟಿಯಿಂದ ಇದು ಸರಿಯಾದ ಅಂತ್ಯ. ವಿಮರ್ಶೆಯ ದೃಷ್ಟಿಯಿಂದ ಕಠಿಣವಾದ ಅರ್ಧಭಾಗ ಬರೆಯದೇ ಉಳಿಯಿತು. ಚೆನ್ನಿಗರಾಯನ ಒಳಗೇನಿದೆ ಎಂಬ ಕುತೂಹಲವೂ ಕೃತಿಗೆ ಕಡಿಮೆ. ಬರೀ ಹೊಟ್ಟೆಯಾದ ಅಪ್ಪನನ್ನು ಮಗ ದ್ವೇಷಿಸಬಲ್ಲ, ಅವನಲ್ಲಿ ತನ್ನ ಮುಖ ಕಾಣಲಾರ.

ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿದ ‘ಯಯಾತಿ’ ಕಾದಂಬರಿಯಲ್ಲ, ನಾಟಕ. ಆದರೂ ಈ ಚರ್ಚೆಯಲ್ಲಿ ಅದನ್ನು ಬಿಡಲಾಗದು. ಅಪ್ಪನಂತಾಗುವುದನ್ನು ಗಿರೀಶ ಕಾರ್ನಾಡರು ಮೈಮೇಲೆಯೇ ತಂದರು: ತನ್ನ ಕುಲದ ಎದುರು ತಾನೇ ಅಲ್ಪನೆಂದು ಕುಗ್ಗಿದ ಪುರು ಅಪ್ಪ ಯಯಾತಿಯ ಮುಪ್ಪನ್ನು ತೊಟ್ಟುಕೊಳ್ಳುತ್ತಾನೆ. ಅವನಿಗೆ ಅದು ತ್ಯಾಗ. ಅದರ ಭೀಕರತೆ ಕಂಡು ವಿಷ ಕುಡಿಯುವವಳು ಹೆಂಡತಿ ಚಿತ್ರಲೇಖೆ. ಮಹಾಭಾರತದಲ್ಲಿಲ್ಲದ ಆ ಪಾತ್ರವನ್ನು ಕಾರ್ನಾಡರೇ ಸೃಷ್ಟಿಸಿದ್ದು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಭಯವನ್ನೇ ತೆಗೆದುಹಾಕಿ ಅದೇ ವಸ್ತುವನ್ನು ಹೆಚ್ಚು ಭಯಾನಕವಾಗಿಸುತ್ತದೆ. ಸೇಲ್ಸ್‌ಮನ್ ಕೆಲಸ ಕಳೆದುಕೊಂಡ ಅಪ್ಪ ಮೂಲೆ ಸೇರಿದ್ದಾನೆ. ಮನೆ ನಡೆಯುವುದು ಚಿಕ್ಕಪ್ಪನ ಸೋನಾ ಮಸಾಲೆ ವ್ಯಾಪಾರದಿಂದ. ಹೆಸರಿಗಷ್ಟೇ ಹುದ್ದೆಯಿರುವ ಮಗ ದುಡಿಯದೆ ಸಂಬಳ ಪಡೆಯುತ್ತಾ ಕಾಫಿ ಹೌಸಿನಲ್ಲಿ ಕೂರುತ್ತಾನೆ. ಅಪ್ಪನಾದರೂ ಒಂದು ಕಾಲಕ್ಕೆ ಅಂಗಡಿ ಅಂಗಡಿ ಸುತ್ತಿ ದುಡಿದವನು, ಮಗನಿಗೆ ಸೋಲಲೂ ಏನೂ ಇಲ್ಲ. ಇದನ್ನು ಮುಖಕ್ಕೆ ಹೇಳುವವಳು ಮತ್ತೆ ಹೆಂಡತಿಯೇ, ಅನಿತಾ. ಆದರೆ ಕಥೆ ಹೇಳುವವನು ಮಗನೇ ಆದ್ದರಿಂದ, ಹಿಂದಿನ ಕೃತಿಗಳು ಮುಟ್ಟದ ಅವನ ಒಳಮನಸ್ಸು ಇಲ್ಲಿ ಅವನ ನುಣುಚಿಕೊಳ್ಳುವ ಮಾತುಗಳಲ್ಲೇ ಬಯಲಾಗುತ್ತದೆ.